ದೂರ ಹೋಗಲೆಂದೇ ಹುಟ್ಟಿದ ಕಾರು: ಜಿಟಿ ರಸಿಕರಿಗೊಂದು ಕೈಪಿಡಿ

ಹೈದರಾಬಾದಿನ ಮಾದಾಪುರದ ದುರ್ಗಂ ಚೆರುವು ಕೇಬಲ್ ಸೇತುವೆಯ ಪಾದಚಾರಿ ದಾರಿ ಕಾರು ನೋಡುವವರಿಗೆ ಒಳ್ಳೆಯ ಜಾಗ. 2020ರ ಸೆಪ್ಟೆಂಬರ್‌ನಲ್ಲಿ ಸೇತುವೆ ತೆರೆದಾಗಿನಿಂದ ಜುಬಿಲಿ ಹಿಲ್ಸ್‌ನ ದುಬಾರಿ ಕಾರುಗಳು ಹೈಟೆಕ್ ಸಿಟಿಗೆ ಇಳಿಯಲು ಈ ದಾರಿ ಹಿಡಿಯುತ್ತವೆ. ಸಂಜೆ ನಿಂತು ನೋಡಿ. ಹತ್ತರಲ್ಲಿ ಒಂಬತ್ತು ಎತ್ತರದ ಎಸ್‌ಯುವಿಗಳೇ. ನಡುವೆ ಅಪರೂಪಕ್ಕೊಮ್ಮೆ ಉದ್ದ ಬಾನೆಟ್ಟಿನ, ತಗ್ಗಿದ ಛಾವಣಿಯ, ಎರಡೇ ಬಾಗಿಲಿನ ಕಾರೊಂದು ಸದ್ದಿಲ್ಲದೆ ಸಾಗುತ್ತದೆ. ಅದನ್ನು ಸ್ಪೋರ್ಟ್ಸ್ ಕಾರೆಂದು ಪಕ್ಕದವರಿಗೆ ತೋರಿಸುವವರೇ ಹೆಚ್ಚು. ಆದರೆ ಅದು ಗ್ರ್ಯಾಂಡ್ ಟೂರರ್, ಚಿಕ್ಕದಾಗಿ ಜಿಟಿ, ಆಗಿರುವ ಸಾಧ್ಯತೆಯೇ ಜಾಸ್ತಿ. ಈ ಎರಡರ ವ್ಯತ್ಯಾಸ ಕಣ್ಣಿಗೆ ಹತ್ತಿದರೆ ರಸಿಕತೆಯ ಅರ್ಧ ದಾರಿ ಕ್ರಮಿಸಿದಂತೆ.

ಸ್ಪೋರ್ಟ್ಸ್ ಕಾರು ತಿರುವಿಗಾಗಿ ಕಟ್ಟಿದ್ದು. ಅದರಲ್ಲಿ ಒಂದು ಗಂಟೆ ಕೂತರೆ ಮೈಯೆಲ್ಲ ಎಚ್ಚರ, ಮೂರು ಗಂಟೆ ಕೂತರೆ ಸೊಂಟ ನೋವು. ಜಿಟಿಯನ್ನು ಕಟ್ಟಿದ್ದು ದೂರಕ್ಕಾಗಿ. ಇಬ್ಬರನ್ನು, ಅವರ ವಾರದ ಬಟ್ಟೆಬರೆಯ ಸಮೇತ, ಬೆಳಗಿನಿಂದ ಸಂಜೆಯವರೆಗೆ ವೇಗವಾಗಿ ಕರೆದೊಯ್ದು, ಇಳಿಯುವಾಗ ಇನ್ನೂ ನೂರು ಕಿಲೋಮೀಟರ್ ಹೋಗಬಹುದಿತ್ತು ಅನ್ನಿಸಬೇಕು. ಮಾದಾಪುರದಲ್ಲಿ ನೌಕರಿಗಿರುವ ಕನ್ನಡಿಗರಿಗೆ ಇದಕ್ಕೆ ತಕ್ಕ ದಾರಿ ಗೊತ್ತೇ ಇದೆ. ಗಚ್ಚಿಬೌಲಿಯಲ್ಲಿ ಹೊರವರ್ತುಲ ರಸ್ತೆ ಹತ್ತಿ, ಶಂಶಾಬಾದ್ ಬಳಿ 44ನೇ ಹೆದ್ದಾರಿಗೆ ಇಳಿದು, ಕರ್ನೂಲಿನಲ್ಲಿ ತುಂಗಭದ್ರೆ ದಾಟಿ, ಗುತ್ತಿ, ಅನಂತಪುರ, ಪೆನುಕೊಂಡ, ಬಾಗೇಪಲ್ಲಿ ಹಾದು ಬೆಂಗಳೂರು: ಹೆಚ್ಚುಕಡಿಮೆ 570 ಕಿ.ಮೀ. ಜಿಟಿಗೆ ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಬೇಕಿಲ್ಲ. ಇನ್ನು ಮುಂದೆ ನಾನು ಹೇಳುವುದನ್ನೆಲ್ಲ ಈ ದಾರಿಗೆ ಹಚ್ಚಿ ನೋಡಿ.

ಮೊದಲು ಕಾರಿನ ಪಕ್ಕಕ್ಕೆ ನಿಲ್ಲಿ. ಮುಂಭಾಗ ನೋಡಿ ಮರುಳಾಗಬೇಡಿ, ಗ್ರಿಲ್ಲು ದೀಪಗಳೆಲ್ಲ ಅಲಂಕಾರ. ಪಕ್ಕದಿಂದ ಮುಂದಿನ ಚಕ್ರದ ನಡುವಿಗೂ ಬಾಗಿಲಿನ ಮುಂದಿನ ಅಂಚಿಗೂ ಇರುವ ಅಂತರ ನೋಡಿ. ನಮ್ಮ ಬೀದಿಯ ಸಾಮಾನ್ಯ ಕಾರುಗಳಲ್ಲಿ ಎಂಜಿನ್ನು ಅಡ್ಡಲಾಗಿ ಕೂತು ಮುಂದಿನ ಚಕ್ರವನ್ನೇ ತಿರುಗಿಸುವುದರಿಂದ ಆ ಅಂತರ ತೀರಾ ಕಡಿಮೆ. ಒಳ್ಳೆಯ ಜಿಟಿಯಲ್ಲಿ ಎಂಜಿನ್ನು ಉದ್ದಕ್ಕೆ, ಆದಷ್ಟು ಹಿಂದಕ್ಕೆ ಸರಿದು ಕೂತಿರುತ್ತದೆ. ಅದರಿಂದ ಭಾರ ಎರಡೂ ಅಚ್ಚುಗಳ ಮೇಲೆ ಸಮವಾಗಿ ಹಂಚಿಹೋಗಿ, ವೇಗದಲ್ಲಿ ಸ್ಟೀರಿಂಗ್ ಗಟ್ಟಿಯಾಗಿ ನಿಲ್ಲುತ್ತದೆ. ಕಣ್ಣಿಗೆ ಸೊಗಸಾಗಿ ಕಾಣುವ ಆ ಉದ್ದದ ಹಿಂದೆ ಹೀಗೊಂದು ಕಾರಣವಿದೆ. ಆಮೇಲೆ ಛಾವಣಿಯ ಗೆರೆ ಹಿಡಿದು ಹಿಂದಕ್ಕೆ ಹೋಗಿ. ಅದು ಎಲ್ಲೂ ತುಂಡಾಗದೆ ಬಾಲದವರೆಗೆ ಇಳಿಯಬೇಕು, ಹಿಂದಿನ ಚಕ್ರದ ಮೇಲೆ ತಗಡು ತುಸು ಉಬ್ಬಬೇಕು.

ಒಳಗೆ ಕೂರುವ ಅವಕಾಶ ಸಿಕ್ಕರೆ ಎಂಜಿನ್ ಗರ್ಜನೆಗೆ ಕಾಯಬೇಡಿ. ಹೊರವರ್ತುಲ ರಸ್ತೆಯ ಮಿತಿ ಈಗ ಗಂಟೆಗೆ 120 ಕಿ.ಮೀ. ಆ ವೇಗದಲ್ಲಿ ಪಕ್ಕದವರೊಡನೆ ಮನೆಯ ದನಿಯಲ್ಲೇ ಮಾತಾಡಲಾಗಬೇಕು. ಎಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತಿನೊಳಗೇ ಇದ್ದು, ಲಾರಿ ದಾಟಲು ಪೆಡಲ್ ಒತ್ತಿದಾಗ ಗೇರಿಗೆ ಪರದಾಡದೆ ಮುಂದೆ ನೂಕಬೇಕು. ಸೇತುವೆಯ ಜಾಯಿಂಟ್‌ಗಳ ಮೇಲೆ ಕಿವಿಯಿಡಿ: ಪ್ರತಿ ಸಲವೂ ಮೆತ್ತನೆಯ ಒಂದೇ ‘ದಬ್’ ಕೇಳಿಸಬೇಕು, ಕಾರು ಮತ್ತೊಮ್ಮೆ ಕುಣಿಯಬಾರದು. ನನ್ನ ಮಟ್ಟಿಗೆ ಜಿಟಿಯ ಸಂಗೀತವೆಂದರೆ ಅದೇ. ಡಿಕ್ಕಿ ತೆರೆದು ನೋಡುವುದನ್ನೂ ಮರೆಯಬೇಡಿ. ಎರಡು ಸೂಟ್‌ಕೇಸು ಹಿಡಿಸದ ಕಾರು ಎಷ್ಟು ಚೆಂದವಿದ್ದರೂ ಜಿಟಿಯಲ್ಲ.

ಈ ರೂಪ ಗಟ್ಟಿಯಾಗಿದ್ದು ಎರಡನೇ ಮಹಾಯುದ್ಧದ ನಂತರ. ಇಟಲಿಯ ಪಿನಿನ್‌ಫರೀನಾ ರೂಪಿಸಿದ ಸಿಸಿಟಾಲಿಯಾ 202 ಕಾರನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1951ರಲ್ಲೇ ಕಲಾಕೃತಿಯಾಗಿ ಪ್ರದರ್ಶಿಸಿತು. ಅದೇ ವರ್ಷ ಲಾನ್ಸಿಯಾ ಆರೇಲಿಯಾ ಬಿ20 ಎಂಬ ಎರಡು ಲೀಟರಿನ ಪುಟ್ಟ ಜಿಟಿ, ಮಿಲ್ಲೆ ಮಿಲ್ಯಾ ರಸ್ತೆ ಓಟದಲ್ಲಿ ತನ್ನ ದುಪ್ಪಟ್ಟು ಎಂಜಿನ್ನಿನ ಫೆರಾರಿಗಷ್ಟೇ ಸೋತು ಎರಡನೆಯದಾಗಿ ಬಂತು. 1952ರಲ್ಲಿ ಬೆಂಟ್ಲಿ ‘ಆರ್ ಟೈಪ್ ಕಾಂಟಿನೆಂಟಲ್’ ಬಂದಾಗ ಅಳತೆಗೋಲೇ ಸಿದ್ಧವಾಯಿತು. ಅಲ್ಯೂಮಿನಿಯಂ ಮೈ, ಗಾಳಿ ಸುರಂಗದಲ್ಲಿ ಪರೀಕ್ಷಿಸಿದ ಆಕಾರ, ನಾಲ್ವರು ಕೂತರೂ ಗಂಟೆಗೆ 160 ಕಿ.ಮೀ. ಮೀರಿ ಓಡಿಕೊಂಡೇ ಇರುವ ಕಸುವು. ಕಟ್ಟಿದ್ದು ಕೇವಲ 208. ಇಲ್ಲಿ ನಮಗೆ ಸಂಬಂಧಿಸಿದ ಸಂಗತಿಯೊಂದಿದೆ: ಆ ಪಿನಿನ್‌ಫರೀನಾ ಸಂಸ್ಥೆ 2015ರಲ್ಲಿ ಮಹೀಂದ್ರದ ಪಾಲಾಯಿತು, ಜಾಗ್ವಾರ್ 2008ರಲ್ಲೇ 230 ಕೋಟಿ ಡಾಲರಿನ ವ್ಯವಹಾರದಲ್ಲಿ ಲ್ಯಾಂಡ್ ರೋವರ್ ಜತೆ ಟಾಟಾ ಕೈಸೇರಿತ್ತು. ಜಿಟಿಯನ್ನು ಉಳಿಸಬೇಕೋ ನಿಲ್ಲಿಸಬೇಕೋ ಎಂಬ ಪ್ರಶ್ನೆ ಈಗ ನಮ್ಮ ಮುಂಬೈನ ಮೇಜಿನ ಮೇಲೂ ಇದೆ.

ಈ ಪ್ರಶ್ನೆಯನ್ನು ಅರಿಯಲು ಜಾಗ್ವಾರ್‌ನ ಎಕ್ಸ್‌ಜೆ-ಎಸ್ ಕಥೆಗಿಂತ ಒಳ್ಳೆಯ ಪಾಠವಿಲ್ಲ. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ತೆರೆ ಸರಿದ ಇ-ಟೈಪ್ ಜಗತ್ತನ್ನೇ ಮೋಡಿ ಮಾಡಿತ್ತು. ಅದನ್ನು ರೂಪಿಸಿದ ಮ್ಯಾಲ್ಕಮ್ ಸೇಯರ್ ವಿಮಾನ ಉದ್ಯಮದಿಂದ ಬಂದವರು, ಗೆರೆಯನ್ನು ಲೆಕ್ಕದಿಂದಲೇ ಎಳೆಯುತ್ತಿದ್ದವರು. 1975ರಲ್ಲಿ ಇ-ಟೈಪಿನ ಜಾಗಕ್ಕೆ ಎಕ್ಸ್‌ಜೆ-ಎಸ್ ಬಂದಾಗ ಜನ ಮುಖ ತಿರುಗಿಸಿದರು. ಹಿಂಗಾಜಿನ ಎರಡೂ ಪಕ್ಕ ಛಾವಣಿಯಿಂದ ಇಳಿಬಿಟ್ಟ ಆ ರೆಕ್ಕೆಗಳು ಯಾರಿಗೂ ಹಿಡಿಸಲಿಲ್ಲ. ಅದರ 5.3 ಲೀಟರಿನ ವಿ12 ಎಂಜಿನ್ನು ತೈಲ ಬಿಕ್ಕಟ್ಟಿನ ದಿನಗಳಲ್ಲಿ ಪೆಟ್ರೋಲನ್ನು ನೀರಿನಂತೆ ಕುಡಿಯಿತು. 1980ರ ಹೊತ್ತಿಗೆ ಮಾರಾಟ ವರ್ಷಕ್ಕೆ ಸಾವಿರದ ಆಸುಪಾಸಿಗೆ ಕುಸಿದು, ಕಾರನ್ನು ನಿಲ್ಲಿಸಿಬಿಡುವ ಮಾತು ಬಂತು.

ನಿಲ್ಲಿಸಲಿಲ್ಲ. ಸ್ವಿಸ್ ಎಂಜಿನಿಯರ್ ಮೈಕೆಲ್ ಮೇ ರೂಪಿಸಿದ ಹೊಸ ಸಿಲಿಂಡರ್ ಹೆಡ್ ಅನ್ನು 1981ರಲ್ಲಿ ಅಳವಡಿಸಿದರು. ತೆಳು ಮಿಶ್ರಣವೂ ಚೆನ್ನಾಗಿ ಉರಿದು ಪೆಟ್ರೋಲು ಉಳಿಯಿತು, ಒಳಾಂಗಣಕ್ಕೆ ಮರ ಮತ್ತು ತೊಗಲು ಬಂತು, ಜೋಡಣೆಯ ಗುಣಮಟ್ಟ ಸುಧಾರಿಸಿತು. 1989ರ ಹೊತ್ತಿಗೆ ವರ್ಷದ ಮಾರಾಟ ಹತ್ತು ಸಾವಿರ ದಾಟಿತ್ತು. ಮುಗಿಯಿತೆಂದುಕೊಂಡಿದ್ದ ಕಾರು 1996ರವರೆಗೆ ಬದುಕಿ ಒಟ್ಟು ಒಂದು ಲಕ್ಷ ಹದಿನೈದು ಸಾವಿರ ಮೀರಿ ಮಾರಾಟವಾಯಿತು. ಅದು ಇ-ಟೈಪಿಗಿಂತ ಎಷ್ಟೋ ಹೆಚ್ಚು. ಅದರ ಆ ರೆಕ್ಕೆಗಳಿಗಾಗಿಯೇ ಇಂದು ಕಾರು ಹುಡುಕುವವರಿದ್ದಾರೆ. ಜಿಟಿಯ ರುಚಿ ತಡವಾಗಿ ಹತ್ತುತ್ತದೆ. ಮೂರು ವರ್ಷದ ಮಾರಾಟದ ಪಟ್ಟಿ ನೋಡಿ ಅದರ ಹಣೆಬರಹ ಬರೆಯುವುದು ಅವಸರದ ಕೆಲಸ.

ಅದರ ನಂತರ ಬಂದ ಎಕ್ಸ್‌ಕೆ ಕೂಡ ಜಿಟಿಯೇ: ಮುಂದೆ ಇಬ್ಬರು, ಹಿಂದೆ ಮಕ್ಕಳಿಗೆ ಪುಟ್ಟ ಸೀಟು. 2006ರ ಎಕ್ಸ್‌ಕೆಯ ಅಲ್ಯೂಮಿನಿಯಂ ಮೈ ಇಯನ್ ಕ್ಯಾಲಂ ಅವರ ಕೈಗೆಲಸ. 2014ರಲ್ಲಿ ಜಾಗ್ವಾರ್ ಅದನ್ನು ನಿಲ್ಲಿಸಿತು. ಎಫ್-ಟೈಪ್ ಇದೆಯಲ್ಲ ಎಂದು ಹಲವರು ಸಮಾಧಾನ ಹೇಳಿದರು. ಎಫ್-ಟೈಪ್ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಕೇಕೆ ಹಾಕುವ ಸೈಲೆನ್ಸರಿನ ತುಂಟ. ನನಗೂ ಅದು ಇಷ್ಟವೇ, ಆದರೆ 44ನೇ ಹೆದ್ದಾರಿಯ ದಿನವಿಡೀ ಪಯಣಕ್ಕೆ ಹುಟ್ಟಿದ್ದಲ್ಲ. 2024ರಲ್ಲಿ ಅದೂ ನಿಂತಿತು.

ಉಳಿದವರು ಏನು ಮಾಡಿದರು? ಬೆಂಟ್ಲಿ 2003ರಿಂದ ಕಾಂಟಿನೆಂಟಲ್ ಜಿಟಿಯಲ್ಲಿ ಹೆಸರು ಮಾಡಿದ್ದ ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು 2024ರಲ್ಲಿ ಬೀಳ್ಕೊಟ್ಟಿತು. ಕಾರನ್ನು ಮಾತ್ರ ಬಿಡಲಿಲ್ಲ, ಅದೇ ಮೈಗೆ ವಿ8 ಹೈಬ್ರಿಡ್ ಕೂಡಿಸಿತು. ರೋಲ್ಸ್ ರಾಯ್ಸ್ ತನ್ನ ಎರಡು ಬಾಗಿಲಿನ ರೈತ್ ಕಾರನ್ನು ಮುಗಿಸಿ, 2023ರಲ್ಲೇ ವಿದ್ಯುತ್ತಿನ ಸ್ಪೆಕ್ಟರ್ ತಂದಿತು. ಎರಡೂ ಕಡೆ ಹಳೆಯ ಎಂಜಿನ್ನು ಹೋಯಿತು, ಪರಂಪರೆ ನಿಲ್ಲಲಿಲ್ಲ. ಜಾಗ್ವಾರ್ ತಪ್ಪಿದ್ದು ಇಲ್ಲಿಯೇ. ಹಳೆಯ ಕಾರನ್ನು ನಿವೃತ್ತಿಗೊಳಿಸಿದ್ದಕ್ಕೆ ನನ್ನ ತಕರಾರಿಲ್ಲ. ಅದರ ಜಾಗಕ್ಕೆ ಇನ್ನೊಂದು ಜಿಟಿಯನ್ನು ತರದೆ ವರ್ಷಗಟ್ಟಲೆ ಖಾಲಿ ಬಿಟ್ಟಿತಲ್ಲ, ಅದಕ್ಕೆ ಬೇಸರ. ಅಷ್ಟರಲ್ಲಿ ಆ ಕಾರನ್ನು ಕೊಳ್ಳುತ್ತಿದ್ದವರೆಲ್ಲ ಬೇರೆ ಕಡೆ ಹೋದರು. ದುಡ್ಡಿರುವ ಮಾದಾಪುರದ ಯುವಕನಿಗೆ ಜಾಗ್ವಾರ್ ಎಂದರೆ ಜಿಟಿ ಎಂಬ ನೆನಪೇ ಇಲ್ಲ.

ವಿದ್ಯುತ್ತಿಗೆ ಹೋಗುವುದು ರೂಪಕ್ಕೆ ದ್ರೋಹವೇ? ನನಗೆ ಹಾಗನ್ನಿಸುವುದಿಲ್ಲ. ಜಿಟಿ ಯಾವತ್ತೂ ಬೇಡಿದ್ದು ನಿಶ್ಶಬ್ದವನ್ನು, ಗೇರಿಲ್ಲದ ಹಾಗೆ ಒಮ್ಮೆಲೇ ಸಿಗುವ ಕಸುವನ್ನು. ವಿದ್ಯುತ್ ಮೋಟಾರು ಅದನ್ನೇ ಕೊಡುತ್ತದೆ. ಜಾಗ್ವಾರ್‌ಗೆ ಆ ವಿದ್ಯೆ ಗೊತ್ತು ಎಂಬುದನ್ನು ಹೈದರಾಬಾದ್ ಕಣ್ಣಾರೆ ಕಂಡಿದೆ. 2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಂಡೆಯಲ್ಲಿ ನಡೆದ ಫಾರ್ಮುಲಾ ಇ ಓಟದಲ್ಲಿ ಜಾಗ್ವಾರ್ ತಂಡದ ಎರಡೂ ಕಾರುಗಳು ಪರಸ್ಪರ ಡಿಕ್ಕಿಯಾಗಿ ಅವಕಾಶ ಕಳೆದುಕೊಂಡವು, ಆದರೆ ಜಾಗ್ವಾರ್ ಮೋಟಾರನ್ನೇ ಬಳಸಿದ ಇನ್ನೊಂದು ತಂಡದ ನಿಕ್ ಕ್ಯಾಸಿಡಿ ಎರಡನೆಯವರಾದರು. ಮರುವರ್ಷ ಜಾಗ್ವಾರ್ ತಂಡ ಪ್ರಶಸ್ತಿಯನ್ನೇ ಗೆದ್ದಿತು.

ತೊಡಕಿರುವುದು ಭಾರದಲ್ಲಿ ಮತ್ತು ದೂರದಲ್ಲಿ. 2024ರ ಡಿಸೆಂಬರಿನಲ್ಲಿ ಮಯಾಮಿಯಲ್ಲಿ ಜಾಗ್ವಾರ್ ‘ಟೈಪ್ 00’ ಎಂಬ ಮಾದರಿಯನ್ನು ತೋರಿಸಿ, ಅದರ ಬೆನ್ನಿಗೆ ಬರುವ ನಾಲ್ಕು ಬಾಗಿಲಿನ ವಿದ್ಯುತ್ ಜಿಟಿಗೆ ಯುರೋಪಿನ ಅಳತೆಯಲ್ಲಿ 770 ಕಿ.ಮೀ. ವರೆಗಿನ ಓಟದ ಗುರಿಯಿಟ್ಟಿರುವುದಾಗಿ ಹೇಳಿತು. ಕಾಗದದ ಲೆಕ್ಕ ಬೆಂಗಳೂರು ಮುಟ್ಟಿಸುತ್ತದೆ. ಆದರೆ ಮೇ ತಿಂಗಳ ಅನಂತಪುರದ ಬಿಸಿಲಲ್ಲಿ, ಎಸಿ ಹಾಕಿ 100ರ ಮೇಲೆ ಓಡುವಾಗ ಉಳಿಯುವುದೆಷ್ಟು ಎಂಬುದೇ ರಸಿಕರು ಕೇಳಬೇಕಾದ ಪ್ರಶ್ನೆ. ಬಾಗಿಲು ಎರಡೇ ಇರಲಿ ಎಂದು ನನ್ನ ಮನಸ್ಸು ಹಟ ಹಿಡಿಯುತ್ತದೆ, ಏಕೆಂದರೆ ಛಾವಣಿಯ ಗೆರೆ ಆಗ ತುಂಡಾಗುವುದಿಲ್ಲ. ಆದರೂ 1952ರ ಕಾಂಟಿನೆಂಟಲ್ ಕೂಡ ನಾಲ್ವರಿಗಾಗಿ ಕಟ್ಟಿದ್ದೇ. ದೂರದ ಸುಖವೋ ಎರಡು ಬಾಗಿಲೋ ಎಂದರೆ ನಾನು ಸುಖವನ್ನೇ ಆರಿಸುತ್ತೇನೆ.

ಹಾಗಾಗಿ ಆ ಕಾರು ಇಲ್ಲಿ ಓಡಾಡುವ ದಿನ ಬಂದರೆ ಅದರ ಬಣ್ಣ, ಲಾಂಛನಗಳ ಚರ್ಚೆಗೆ ಹೊತ್ತು ಕಳೆಯಬೇಡಿ. ಪಕ್ಕಕ್ಕೆ ನಿಂತು ಚಕ್ರ ಮತ್ತು ಬಾಗಿಲಿನ ನಡುವಿನ ಅಂತರ ಅಳೆಯಿರಿ, ಡಿಕ್ಕಿ ತೆರೆಯಿರಿ. ಯಾರಾದರೂ ಕೊಂಡವರು ಪರಿಚಯವಿದ್ದರೆ, ಕರ್ನೂಲಿನ ತನಕ ಕರೆದುಕೊಂಡು ಹೋಗಿ ಎಂದು ಸಂಕೋಚವಿಲ್ಲದೆ ಕೇಳಿ. ಹಿಂದಿನ ಸೀಟಿನಲ್ಲಿ ಕೂತು ಹೋಗಿ ಬನ್ನಿ.