ಓದಿದಂತೆ ಕಟ್ಟು

ಬರ್ಟ್ ರುಟಾನ್ ಎಂದರೆ ಹಲವರಿಗೆ ನೆನಪಾಗುವುದು 1986ರಲ್ಲಿ ಎಲ್ಲೂ ಇಳಿಯದೆ ಭೂಮಿ ಸುತ್ತಿಬಂದ ವಾಯೇಜರ್ ವಿಮಾನ. ನನ್ನ ಮಟ್ಟಿಗೆ ಆತನ ಅತ್ಯುತ್ತಮ ಕೃತಿ ಕಾಗದದ ಮೇಲಿದೆ. ಲಾಂಗ್-ಈಜಿ ಎಂಬ ಎರಡು ಸೀಟಿನ ವಿಮಾನವನ್ನು ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳುವುದು ಹೇಗೆಂದು ಹೇಳಿಕೊಡುವ ಕೈಪಿಡಿ ಅದು. ಆ ವಿಮಾನ ಮೊದಲು ಹಾರಿದ್ದು 1979ರಲ್ಲಿ, ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ. ರುಟಾನ್ ಕಂಪನಿ ಜನರಿಗೆ ಮಾರಿದ್ದು ಬರಿಯ ನಕ್ಷೆ, ವಿವರಣೆಗಳ ಕಟ್ಟನ್ನು. ಅದನ್ನು ವಿಮಾನವಾಗಿಸುವುದು ಕೊಂಡವನ ಪಾಡು.

ಮನೆಯಲ್ಲಿ ವಿಮಾನ ಕಟ್ಟುವ ಹುಚ್ಚು ಅಮೆರಿಕಕ್ಕೆ ಹೊಸದಾಗಿರಲಿಲ್ಲ. ಅಂಥವರ ಸಂಘ ಇಎಎ 1953ರಲ್ಲೇ ಹುಟ್ಟಿತ್ತು. ಆದರೆ ಮರ, ಅಲ್ಯುಮಿನಿಯಂ ನಂಬಿದವರಿಗೆ ಬಡಗಿಯ ಕೈಯೋ ರಿವೆಟ್ ಹೊಡೆಯುವವನ ಕೈಯೋ ಬೇಕಿತ್ತು. ರುಟಾನ್ ಅಚ್ಚೂ ಬೇಡದ ದಾರಿ ಹಿಡಿದ. ಫೋಮ್ ದಿಮ್ಮಿಯನ್ನು ಬಿಸಿ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸು, ಮೇಲೆ ಗಾಜುನಾರಿನ ಬಟ್ಟೆ ಹೊದಿಸು, ಎಪಾಕ್ಸಿಯಲ್ಲಿ ನೆನೆಸು, ಗಟ್ಟಿಯಾಗಲು ಬಿಡು.

ಕೈಪಿಡಿಯ ಹೆಚ್ಚುಗಾರಿಕೆ ಮೂರನೆಯ ಅಧ್ಯಾಯದಲ್ಲಿದೆ. ಅಲ್ಲಿ ವಿಮಾನದ ಒಂದು ಭಾಗವೂ ತಯಾರಾಗುವುದಿಲ್ಲ, ಕಟ್ಟುವವನೇ ತಯಾರಾಗುತ್ತಾನೆ. ಮೊದಲು ಗಾಜುನಾರಿನ ಒಂದು ಚಪ್ಪಟೆ ತುಂಡನ್ನು ಮಾಡಿ, ಹೇಳಿದ ಅಳತೆಗೆ ಕತ್ತರಿಸಿ, ತೂಗಬೇಕು. ಭಾರ ಹೆಚ್ಚಾದರೆ ಅಂಟು ಸುರಿದಿದ್ದೀಯ. ಕಡಿಮೆಯಾದರೆ ಬಟ್ಟೆ ಸರಿಯಾಗಿ ನೆಂದಿಲ್ಲ. ಮೇಷ್ಟ್ರು ಬೇಕಿಲ್ಲ, ತಕ್ಕಡಿ ಸಾಕು. ಆಮೇಲೆ ಧೈರ್ಯ ಬರಲೆಂದೇ ಮಾಡಿಸುವ ಇನ್ನೊಂದು ತುಂಡು: ಫೋಮಿನ ತಿರುಳು, ಎರಡೂ ಬದಿ ಗಾಜುನಾರು. ತನ್ನ ಕೈಯಾರೆ ಮಾಡಿದ್ದು ಎಷ್ಟು ಭಾರ ತಡೆಯುತ್ತದೆಂದು ಕಂಡ ಮೇಲೆ ಮನುಷ್ಯ ಬದಲಾಗುತ್ತಾನೆ. ರೆಕ್ಕೆ ಕತ್ತರಿಸುವಾಗಲೂ ಇದೇ ಜಾಣತನ. ತಂತಿಯ ಎರಡು ತುದಿಗೆ ಇಬ್ಬರು. ಬುಡದಲ್ಲಿ ರೆಕ್ಕೆ ಅಗಲ, ತುದಿಯಲ್ಲಿ ಕಿರಿದು, ಹಾಗಾಗಿ ಇಬ್ಬರ ವೇಗವೂ ಬೇರೆ. ಎರಡೂ ಟೆಂಪ್ಲೇಟಿನ ಮೇಲೆ ಅಂಕಿಗಳಿವೆ. ಒಬ್ಬ ಅಂಕಿ ಕೂಗುತ್ತಾನೆ, ಇನ್ನೊಬ್ಬ ಅದೇ ಅಂಕಿಗೆ ಬಂದಿರಬೇಕು. ಪಕ್ಕದ ಮನೆಯವನನ್ನೂ ಹೆಂಡತಿಯನ್ನೂ ಕೆಲಸಕ್ಕೆ ಎಳೆಯುವ ಉಪಾಯವೂ ಇದೇ ಇರಬೇಕು!

ವಿಮಾನಕ್ಕೆ ದೋಷಗಳಿವೆ. ಮುಂದೆ ಪುಟ್ಟ ರೆಕ್ಕೆ, ಹಿಂದೆ ಎಂಜಿನ್ ಇರುವ ಈ ಕೆನಾರ್ಡ್ ವಿನ್ಯಾಸದಲ್ಲಿ ವೇಗ ತೀರಾ ಇಳಿದರೆ ಮೊದಲು ಸೋಲುವುದು ಮುಂದಿನ ರೆಕ್ಕೆ. ಮೂತಿ ತಾನೇ ಬಾಗುತ್ತದೆ, ದೊಡ್ಡ ರೆಕ್ಕೆ ಉಳಿಯುತ್ತದೆ. ಸುಂದರ ಉಪಾಯ. ಆದರೆ ಫ್ಲಾಪ್ ಇಲ್ಲದ್ದರಿಂದ ಇಳಿಯಲು ಉದ್ದ ರನ್‌ವೇ ಬೇಕು, ಹುಲ್ಲಿನ ಮೈದಾನ ಇದಕ್ಕೆ ಆಗಿಬರದು. ಮೊದಲಿನ ಮುಂರೆಕ್ಕೆ ಮಳೆ ಬಿದ್ದೊಡನೆ ಎತ್ತುವ ಬಲ ಕಳೆದುಕೊಳ್ಳುತ್ತಿತ್ತು. ಮುಂದೆ ಜಾನ್ ರಾಂಜ್ ಬೇರೆ ಅಡ್ಡಕೊಯ್ತದ ರೆಕ್ಕೆ ಮಾಡಿಕೊಟ್ಟ. ಇಂಥ ತಿದ್ದುಪಡಿಗಳು ಕೆನಾರ್ಡ್ ಪುಷರ್ ಎಂಬ ಸುದ್ದಿಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ತನ್ನ ತಪ್ಪನ್ನು ಗಿರಾಕಿಗಳಿಗೇ ಬರೆದು ತಿಳಿಸುವ ಎಂಜಿನಿಯರನ ಬಗ್ಗೆ ನನಗೆ ಗೌರವ.

ನನ್ನ ತಕರಾರು ಬೇರೆಯದು. ಈ ಪುಸ್ತಕ ಓದುಗನಿಂದ ಪೂರ್ತಿ ವಿಧೇಯತೆ ಕೇಳುತ್ತದೆ: ಬದಲಿಸಬೇಡ, ಸುಧಾರಿಸಬೇಡ. ಆದರೆ ಸಿದ್ಧ ವಿಮಾನ ಕೊಳ್ಳದೆ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂರುವವನು ಹುಟ್ಟಾ ಬದಲಿಸುವವನೇ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಮಾಂಟೆರೆ ಕೊಲ್ಲಿಯಲ್ಲಿ ಸತ್ತದ್ದು ಲಾಂಗ್-ಈಜಿಯಲ್ಲಿ. ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ ಇದ್ದ ಇಂಧನ ಟ್ಯಾಂಕ್ ಬದಲಿಸುವ ಹಿಡಿಯನ್ನು ಕಟ್ಟಿದವನು ಎಡ ಭುಜದ ಹಿಂದಕ್ಕೆ ಒಯ್ದಿದ್ದ. ಅದಕ್ಕೆ ಕೈ ಚಾಚುವಾಗ ಡೆನ್ವರ್ ಅರಿವಿಲ್ಲದೆ ಬಲ ಪೆಡಲ್ ಒತ್ತಿ ಹತೋಟಿ ತಪ್ಪಿತೆಂದು ತನಿಖೆ ಹೇಳಿತು. ಹೊಸ ಮಾದರಿಗೆ ಬೇಕಾದಷ್ಟು ತರಬೇತಿ ಪಡೆಯದ್ದನ್ನೂ ಸೇರಿಸಿತು. ಡೆನ್ವರ್ ಆ ವಿಮಾನವನ್ನು ಕಟ್ಟಿದವನಲ್ಲ, ಕೊಂಡವನು. ಕಟ್ಟಿದವನಿಗೆ ಹಿಡಿ ಎಲ್ಲಿದೆ, ಯಾಕೆ ಅಲ್ಲಿದೆ ಎಂಬುದು ಮೈಗೇ ಗೊತ್ತಿರುತ್ತದೆ. ಕೊಂಡವನಿಗೆ ಸಿಗುವುದು ಬೀಗದ ಕೈ ಮಾತ್ರ. ಮೂರನೆಯ ಅಧ್ಯಾಯ ಕೊಟ್ಟ ತಿಳಿವಳಿಕೆ ವಿಮಾನದ ಜೊತೆಗೆ ಮಾರಾಟವಾಗುವುದಿಲ್ಲ. ಕೈಪಿಡಿ ಎರಡನೆಯ ಮಾಲೀಕನಿಗೆ ಏನೂ ಹೇಳುವುದಿಲ್ಲ, ಅದೇ ಅದರ ದೊಡ್ಡ ಕೊರತೆ.

ಡೆನ್ವರ್ ಸಾಯುವುದಕ್ಕೆ ಬಹಳ ಮೊದಲೇ, 1985ರಲ್ಲೇ, ರುಟಾನ್ ಮೊಕದ್ದಮೆಗಳ ಭಯದಿಂದ ನಕ್ಷೆ ಮಾರುವುದನ್ನು ನಿಲ್ಲಿಸಿದ್ದ. ಅದೇ ಹೊತ್ತಿಗೆ ಪಾಠ ಬೆಂಗಳೂರಿಗೆ ಬಂದಿತ್ತು. ಇಲ್ಲಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ ಲಾಂಗ್-ಈಜಿಯನ್ನೇ ಆಧರಿಸಿ ಹಗುರ ಕೆನಾರ್ಡ್ ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಆ ಅನುಭವದ ಬೆನ್ನಿಗೆ 1993ರಲ್ಲಿ ಹಾರಿದ ಹಂಸ ತರಬೇತಿ ವಿಮಾನದಲ್ಲಿ ಎಂಜಿನ್ ಮೂತಿಗೆ ಬಂತು, ಸೀಟುಗಳು ಅಕ್ಕಪಕ್ಕ ಕುಳಿತವು, ಬಾಲ ಬಾಲದ ಜಾಗಕ್ಕೇ ಹೋಯಿತು. ಕೆನಾರ್ಡ್ ಬಿಟ್ಟರು, ಗಾಜುನಾರು ಮತ್ತು ಎಪಾಕ್ಸಿಯನ್ನು ಉಳಿಸಿಕೊಂಡರು. ಫ್ಲೈಯಿಂಗ್ ಕ್ಲಬ್ಬಿನ ಹುಡುಗರು ಕಲಿಯಬೇಕಾದ ವಿಮಾನಕ್ಕೆ ಅದು ಸರಿಯಾದ ಆಯ್ಕೆಯೇ.