ಪಡಿಯಚ್ಚು ಮತ್ತು ಪಾಠ: ಕನ್ನಡ ಪಿಡಿಎಫ್ ಕಡತಗಳಲ್ಲಿ ಫಾಂಟಿನ ವಿಚಾರ

೧

ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಏಳನೆಯ ಸಂಪುಟವು ೧೯೦೨ರಲ್ಲಿಯೂ ಹನ್ನೊಂದನೆಯ ಸಂಪುಟವು ೧೯೦೩ರಲ್ಲಿಯೂ ಪ್ರಕಟವಾದುವು. ಅಂದಿನ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಮೊದಲನೆಯದರಲ್ಲಿಯೂ, ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರಿನ ಶಾಸನಗಳು ಎರಡನೆಯದರಲ್ಲಿಯೂ ದೊರೆಯುತ್ತವೆ. ನ್ಯಾಮತಿಯು ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿದ ಊರು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಈ ಪ್ರದೇಶಗಳೆಲ್ಲ ಒಂದೇ ಆಡಳಿತದ ಕೆಳಗೆ ಬಂದುವು. ಆಮೇಲೆ ನ್ಯಾಮತಿಯೂ ಪ್ರತ್ಯೇಕ ತಾಲ್ಲೂಕಾಯಿತು.

ಶಾಸನಗಳನ್ನು ಓದಿ ಪ್ರಕಟಿಸುವವರಿಗೆ ಒಂದು ಭೇದವು ಮೊದಲಿನಿಂದಲೂ ತಿಳಿದಿದೆ. ಕಲ್ಲಿನ ಮೇಲಿನಿಂದ ತೆಗೆದ ಪಡಿಯಚ್ಚು ಒಂದು. ಅದನ್ನು ಓದಿ ನಿರ್ಣಯಿಸಿದ ಪಾಠ ಇನ್ನೊಂದು. ಪಡಿಯಚ್ಚು ಅಕ್ಷರಗಳ ರೂಪವನ್ನು ಕಾಪಾಡುತ್ತದೆ. ಪಾಠವು ಅಕ್ಷರಗಳು ಯಾವುವೆಂಬುದನ್ನು ಹೇಳುತ್ತದೆ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದ್ದಂತಾಗುವುದಿಲ್ಲ. ಇಂದು ನಮ್ಮ ಪ್ರೌಢಪ್ರಬಂಧಗಳು, ವಿಭಾಗದ ಪ್ರಕಟಣೆಗಳು, ಕಛೇರಿಯ ಕಾಗದಪತ್ರಗಳು ಪಿಡಿಎಫ್ ಎಂಬ ಕಡತರೂಪದಲ್ಲಿ ಸಂಗ್ರಹವಾಗುತ್ತಿವೆ. ಇವುಗಳ ವಿಷಯದಲ್ಲಿ ಮೇಲ್ಕಂಡ ಭೇದವನ್ನು ನಾವು ಮರೆತಿದ್ದೇವೆಂದೇ ತೋರುತ್ತದೆ. ಫಾಂಟನ್ನು ಕಡತದೊಳಗೆ ಅಡಕಗೊಳಿಸಿದರೆ ಸಾಕು, ಕನ್ನಡವು ಉಳಿದಂತೆ ಎಂಬ ನಂಬಿಕೆ ಬಲವಾಗಿದೆ. ಈ ನಂಬಿಕೆಯು ಅರ್ಧ ಸತ್ಯವೆಂಬುದನ್ನೂ, ಉಳಿದರ್ಧವನ್ನು ಅಲಕ್ಷಿಸಿದರೆ ಸಂಶೋಧನೆಗೆ ಒದಗುವ ಹಾನಿಯನ್ನೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಸತ್ಯವಾದ ಅರ್ಧವನ್ನು ನೋಡೋಣ. ಅಡೋಬಿ ಸಂಸ್ಥೆಯು ೧೯೯೩ರಲ್ಲಿ ಪಿಡಿಎಫ್ ರೂಪವನ್ನು ಹೊರತಂದಿತು. ೨೦೦೮ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಯಾವ ಯಂತ್ರದಲ್ಲಿ ತೆರೆದರೂ ಪುಟವು ಒಂದೇ ಬಗೆಯಾಗಿ ಕಾಣಬೇಕೆಂಬುದು ಅದರ ಗುರಿ. ಆರಂಭದ ವ್ಯವಸ್ಥೆಯಲ್ಲಿ ಹದಿನಾಲ್ಕು ಫಾಂಟುಗಳು ಎಲ್ಲೆಡೆಯೂ ಇರತಕ್ಕವೆಂದು ಭಾವಿಸಲಾಗಿತ್ತು: ಟೈಮ್ಸ್, ಹೆಲ್ವೆಟಿಕಾ, ಕೊರಿಯರ್ ಎಂಬ ಮೂರರ ನಾಲ್ಕು ನಾಲ್ಕು ಭೇದಗಳು, ಚಿಹ್ನೆಗಳಿಗೆ ಮೀಸಲಾದ ಎರಡು. ಇವುಗಳಲ್ಲಿ ಕನ್ನಡವಿಲ್ಲ. ಆದಕಾರಣ ಇಂಗ್ಲಿಷ್ ಬರೆಹಗಾರನು ಫಾಂಟನ್ನು ಅಡಕಗೊಳಿಸದೆ ಕಳುಹಿಸಿದರೂ ಓದುಗನಿಗೆ ಹೇಗೋ ಒಂದು ಇಂಗ್ಲಿಷ್ ಪುಟ ದೊರೆಯುತ್ತಿತ್ತು. ಕನ್ನಡಿಗನಿಗೆ ಆ ಸೌಕರ್ಯವಿರಲಿಲ್ಲ. ನಮ್ಮ ಪಾಲಿಗೆ ಅಡಕವು ಅಲಂಕಾರವಲ್ಲ, ಅನಿವಾರ್ಯ.

ಅಡಕಗೊಳಿಸುವಾಗ ಸಾಮಾನ್ಯವಾಗಿ ಇಡೀ ಫಾಂಟನ್ನು ಸೇರಿಸದೆ, ಆ ಕಡತದಲ್ಲಿ ಬಳಕೆಯಾದ ಅಕ್ಷರರೂಪಗಳನ್ನು ಮಾತ್ರ ಸೇರಿಸುವುದು ವಾಡಿಕೆ. ಕಡತದ ಗುಣವಿವರಗಳಲ್ಲಿ ಫಾಂಟಿನ ಹೆಸರಿನ ಮುಂದೆ ಆರು ದೊಡ್ಡ ಲ್ಯಾಟಿನ್ ಅಕ್ಷರಗಳೂ ಒಂದು ಕೂಡುಚಿಹ್ನೆಯೂ ಕಂಡರೆ ಅದು ಇಂತಹ ಆಂಶಿಕ ಅಡಕವೆಂದು ತಿಳಿಯಬೇಕು. ಇದರಿಂದ ಕಡತದ ಗಾತ್ರ ಕುಗ್ಗುತ್ತದೆ. ಆದರೆ ಮುಂದೆ ತಿದ್ದುವಾಗ, ಮೂಲದಲ್ಲಿ ಬಾರದ ಅಕ್ಷರವೊಂದನ್ನು ಅದೇ ಫಾಂಟಿನಿಂದ ಸೇರಿಸಲು ಬರುವುದಿಲ್ಲ. ಅಡಕಕ್ಕೆ ಅನುಮತಿಯುಂಟೇ ಎಂಬುದನ್ನು ಫಾಂಟಿನೊಳಗೇ ಸೂಚಿಸಿರುತ್ತಾರೆ. ಮುಕ್ತ ಪರವಾನಗಿಯ ನೋಟೋ ಮುಂತಾದ ಕನ್ನಡ ಫಾಂಟುಗಳು ಈಗ ದೊರೆಯುತ್ತಿರುವುದರಿಂದ ಈ ಅಂಶವನ್ನು ಇಲ್ಲಿ ಬೆಳೆಸುವುದು ಅನಾವಶ್ಯಕ.

೩

ಇನ್ನು ಉಳಿದರ್ಧ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ, ನಮ್ಮ ಬೆರಳಚ್ಚು ಬಹುಕಾಲ ಅದರ ಹೊರಗೇ ನಡೆಯಿತು. ‘ನುಡಿ’ಯೇ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ‘ಚನ್ನಗಿರಿ’ ಎಂಬ ಹೆಸರನ್ನು ತೆಗೆದುಕೊಳ್ಳೋಣ. ಕಣ್ಣಿಗೆ ಅದು ಶುದ್ಧವಾಗಿ ಚನ್ನಗಿರಿಯೇ. ಆ ಪದವನ್ನು ಕಡತದಿಂದ ಎತ್ತಿ ಬೇರೆಡೆ ಇರಿಸಿದರೆ ದೊರೆಯುವುದು ಕ್ರಮವಾಗಿ ಲ್ಯಾಟಿನ್ನಿನ ಕೊನೆಯ ಅಕ್ಷರ, ತಲೆಯ ಮೇಲೆ ಗೀರುಳ್ಳ ‘ಎ’, ಇಂಗ್ಲೆಂಡಿನ ಪೌಂಡಿನ ಚಿಹ್ನೆ, ಮತ್ತೆ ಗೀರುಳ್ಳ ‘ಎ’, ಜರ್ಮನರ ಇಮ್ಮಡಿ ‘ಎಸ್’, ‘ವಿ’, ‘ಜೆ’ ಎಂಬ ಏಳು ಚಿಹ್ನೆಗಳು. ಗೀರುಳ್ಳ ‘ಎ’ ನಮ್ಮ ತಲೆಕಟ್ಟು. ಪೌಂಡು ನಮ್ಮ ನಕಾರದ ಒಡಲು. ಇಮ್ಮಡಿ ‘ಎಸ್’ ಅದರ ಒತ್ತು. ಜಗಳೂರಿನ ಳಕಾರವು ಕಾಲು ಭಾಗವನ್ನು ಸೂಚಿಸುವ ಗಣಿತಚಿಹ್ನೆಯಾಗಿ ಹೊರಬರುತ್ತದೆ. ಇಲ್ಲಿ ಫಾಂಟು ಅಡಕವಾಗಿದೆ, ಪುಟವೂ ಸುಂದರವಾಗಿದೆ. ಪಾಠ ಮಾತ್ರ ಇಲ್ಲ. ಸುಸ್ಪಷ್ಟವಾದ ಪಡಿಯಚ್ಚಿನ ಕೆಳಗೆ ಬೇರೆ ಯಾವುದೋ ಶಾಸನದ ಪಾಠವನ್ನು ಬರೆದಿಟ್ಟಂತೆ ಇದು.

ಯೂನಿಕೋಡಿಗೆ ಬಂದ ಮೇಲೆ ಈ ತೊಡಕು ಪೂರ್ಣವಾಗಿ ಹರಿಯಿತೆಂದು ಅನೇಕರು ತಿಳಿದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ವಿಮರ್ಶೆಗೆ ನಿಜವಾದ ಎಡೆಯಿರುವುದು ಇಲ್ಲಿಯೇ. ಪಿಡಿಎಫ್ ಪುಟದಲ್ಲಿ ಸಾಮಾನ್ಯವಾಗಿ ಸಂಗ್ರಹವಾಗುವುದು ನಾವು ಬೆರಳಚ್ಚಿಸಿದ ಅಕ್ಷರಗಳ ಸಾಲಲ್ಲ, ಫಾಂಟು ಅವನ್ನು ಜೋಡಿಸಿ ಚಿತ್ರಿಸಿದ ರೂಪಗಳ ಸಾಲು. ಯಾವ ರೂಪಕ್ಕೆ ಯಾವ ಅಕ್ಷರ ಎಂಬುದನ್ನು ತಿಳಿಸಲು ‘ಟು ಯೂನಿಕೋಡ್’ ಎಂಬ ಪಟ್ಟಿಯೊಂದನ್ನು ಕಡತಕ್ಕೆ ಸೇರಿಸುವ ಏರ್ಪಾಡಿದೆ. ಇಂಗ್ಲಿಷಿಗೆ ಇಷ್ಟು ಸಾಕು. ಅಲ್ಲಿ ರೂಪಗಳ ಕ್ರಮವೂ ಅಕ್ಷರಗಳ ಕ್ರಮವೂ ಒಂದೇ. ಕನ್ನಡದಲ್ಲಿ ಹಾಗಲ್ಲ. ‘ನ್ನಾ’ ಎಂಬಲ್ಲಿ ಉಚ್ಚಾರಣೆಯ ಕ್ರಮ ನಕಾರ, ನಕಾರ, ಆಕಾರ. ಬರೆಯುವ ಕೈ ಮಾತ್ರ ಮೊದಲು ‘ನಾ’ ಎಂದು ಬರೆದು, ಆಮೇಲೆ ಅದರ ಕೆಳಗೆ ಒತ್ತನ್ನಿಡುತ್ತದೆ. ಫಾಂಟು ಅನುಸರಿಸುವುದು ಕೈಯ ಕ್ರಮವನ್ನು. ಯೂನಿಕೋಡು ಅನುಸರಿಸುವುದು ನಾಲಗೆಯ ಕ್ರಮವನ್ನು. ಪಟ್ಟಿಯು ರೂಪಗಳನ್ನು ಒಂದೊಂದಾಗಿ ಅಕ್ಷರಕ್ಕೆ ತಿರುಗಿಸಬಲ್ಲುದೇ ಹೊರತು ಅವುಗಳ ಕ್ರಮವನ್ನು ಸರಿಪಡಿಸಲಾರದು.

ನಮ್ಮ ನಾಲ್ಕು ತಾಲ್ಲೂಕುಗಳ ಹೆಸರುಗಳು ಈ ವಿಷಯದಲ್ಲಿ ಒಳ್ಳೆಯ ಒರೆಗಲ್ಲಾಗಿವೆ. ಒತ್ತಕ್ಷರವೇ ಇಲ್ಲದ ‘ಜಗಳೂರು’ ಯಥಾವತ್ತಾಗಿ ಹೊರಬರುತ್ತದೆ. ‘ಚನ್ನಗಿರಿ’ಯಲ್ಲಿ ಒತ್ತಿದ್ದರೂ ಅದರ ಮೇಲಿನ ನಕಾರಕ್ಕೆ ಗುಣಿತದ ಚಿಹ್ನೆಯಿಲ್ಲ; ಅದೂ ಉಳಿಯುತ್ತದೆ. ‘ಹೊನ್ನಾಳಿ’, ‘ನ್ಯಾಮತಿ’ಗಳಲ್ಲಿ ಒತ್ತೂ ದೀರ್ಘವೂ ಕೂಡಿರುವುದರಿಂದ ಅನೇಕ ಕಡತಗಳಲ್ಲಿ ಇವು ಒಡೆಯುತ್ತವೆ: ಮೊದಲು ‘ನಾ’, ಅದರ ಹಿಂದೆ ಯಾವ ಅಕ್ಷರಕ್ಕೂ ಅಂಟದೆ ನಿಂತ ಒಂದು ಒತ್ತು. ಸಿಂದರ ನೆಲೆಯಾಗಿದ್ದ ಬೆಳಗುತ್ತಿಯ ಹೆಸರಿಗೂ ಇದೇ ಗತಿ. ಅರ್ಕಾವೊತ್ತು ಬಂದಲ್ಲಿ ದೋಷವು ಇನ್ನೂ ಮೋಸಕರ. ‘ಕರ್ನಾಟಕ’ವು ‘ಕನಾರ್ಟಕ’ವಾಗಿಯೂ, ‘ಚಿತ್ರದುರ್ಗ’ವು ‘ಚಿತ್ರದುಗರ್’ ಆಗಿಯೂ ಹೊರಬರುತ್ತವೆ. ಫಾಂಟು ಮತ್ತು ತಂತ್ರಾಂಶ ಬದಲಾದಂತೆ ದೋಷದ ವಿವರ ಬದಲಾಗಬಹುದು. ಕಾರಣ ಮಾತ್ರ ಇದೇ.

೪

ಪುಟವು ಕಣ್ಣಿಗೆ ಸರಿಯಾಗಿ ಕಾಣುವಾಗ ಒಳಗಿನ ಸಂಕೇತ ಹೇಗಿದ್ದರೇನು ಎಂಬ ಆಕ್ಷೇಪಣೆ ಬರಬಹುದು. ಇದಕ್ಕೆ ಎರಡು ಉತ್ತರಗಳಿವೆ. ವಿದ್ಯಾರ್ಥಿಯೊಬ್ಬನು ನೂರಾರು ಕಡತಗಳಲ್ಲಿ ‘ನ್ಯಾಮತಿ’ ಎಂಬ ಹೆಸರನ್ನು ಹುಡುಕುತ್ತಾನೆನ್ನೋಣ. ಯಂತ್ರವು ಒಂದು ಕಡೆಯೂ ಇಲ್ಲವೆನ್ನುತ್ತದೆ. ಆತನು ಉಲ್ಲೇಖವೇ ಇಲ್ಲವೆಂದು ಪ್ರಬಂಧದಲ್ಲಿ ಬರೆಯುತ್ತಾನೆ. ಇಲ್ಲವೆಂಬುದನ್ನು ಸಾಧಿಸುವುದು ಸಂಶೋಧನೆಯಲ್ಲಿ ಎಷ್ಟು ಕಠಿನವೆಂಬುದು ಅಧ್ಯಾಪಕರಿಗೆ ತಿಳಿದೇ ಇದೆ. ಇಲ್ಲಿ ಕಡತದ ದೋಷವು ಇತಿಹಾಸದ ಮೌನವಾಗಿ ವೇಷ ಹಾಕುತ್ತದೆ. ಎರಡನೆಯದಾಗಿ, ಎಲ್ಲ ಓದುಗರೂ ಕಣ್ಣಿನಿಂದ ಓದುವವರಲ್ಲ. ದೃಷ್ಟಿಹೀನ ವಿದ್ಯಾರ್ಥಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ಸಿಕ್ಕುವುದು ಒಳಗಿನ ಸಂಕೇತ ಮಾತ್ರ. ಆತನ ಪಾಲಿಗೆ ಚನ್ನಗಿರಿಯು ಪೌಂಡಿನ ಚಿಹ್ನೆಯೇ ಆಗಿದೆ. ಚಿತ್ರದಿಂದ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳಿಂದ ಕೆಲಮಟ್ಟಿಗೆ ಪರಿಹಾರ ದೊರೆತರೂ ಅದು ಊಹಾಪಾಠವೇ ಸರಿ. ಮೂಲಪಾಠವು ಕೈಯಲ್ಲಿದ್ದಾಗ ಅದನ್ನು ಕಳೆದು, ಮತ್ತೆ ಊಹೆಯಿಂದ ಪಡೆಯುವುದು ವಿವೇಕವಲ್ಲ.

ಮಾನಕಗಳೂ ಈ ವಿಷಯದಲ್ಲಿ ವಿಮರ್ಶೆಗೆ ಹೊರತಲ್ಲ. ದೀರ್ಘಕಾಲದ ಸಂಗ್ರಹಕ್ಕೆಂದು ೨೦೦೫ರಲ್ಲಿ ಬಂದ ‘ಪಿಡಿಎಫ್-ಎ’ ಮಾನಕವು ಫಾಂಟಿನ ಅಡಕವನ್ನು ಕಡ್ಡಾಯ ಮಾಡಿತು. ಆದರೆ ಅದರ ‘ಬಿ’ ದರ್ಜೆಗೆ ರೂಪರಕ್ಷಣೆಯೊಂದೇ ಸಾಕು. ೨೦೧೧ರ ಎರಡನೆಯ ಭಾಗದಲ್ಲಿ ಸೇರಿದ ‘ಯು’ ದರ್ಜೆಯು ಯೂನಿಕೋಡ್ ಪಟ್ಟಿಯನ್ನು ಬಯಸುತ್ತದೆ. ಕ್ರಮದ ದೋಷವನ್ನು ಮಾತ್ರ ಆ ಪಟ್ಟಿಯೊಂದೇ ಹೋಗಲಾಡಿಸದು. ಹೀಗಾಗಿ ಮಾನಕದ ಮುದ್ರೆ ಪಡೆದ ಕಡತದಲ್ಲಿಯೂ ಹೊನ್ನಾಳಿ ಒಡೆದಿರಬಹುದು. ಪುಟದ ಒಂದೊಂದು ಭಾಗಕ್ಕೂ ಅದರ ನಿಜವಾದ ಪಾಠವನ್ನು ಜೊತೆಗಿರಿಸುವ ‘ಆಕ್ಚುವಲ್ ಟೆಕ್ಸ್ಟ್’ ಎಂಬ ಏರ್ಪಾಡು ಪಿಡಿಎಫ್ ರೂಪದಲ್ಲಿಯೇ ಇದೆ. ಕನ್ನಡಕ್ಕೆ ಒಪ್ಪುವ ಮಾರ್ಗ ಅದೇ. ಆದರೆ ಬೆರಳಚ್ಚಿನ ತಂತ್ರಾಂಶಗಳೆಲ್ಲವೂ ಅದನ್ನು ತಾವಾಗಿಯೇ ಬಳಸುವುದಿಲ್ಲ, ನಾವೂ ಅದನ್ನು ಕೇಳುವುದಿಲ್ಲ.

ಆದಕಾರಣ ವಿಭಾಗಗಳು ಪ್ರಬಂಧಗಳನ್ನು ಸ್ವೀಕರಿಸುವಾಗ ಮೂರು ಪರೀಕ್ಷೆಗಳನ್ನು ನಡೆಸಬೇಕೆಂದು ನಾವು ಸೂಚಿಸುತ್ತೇವೆ. ಕಡತದ ಗುಣವಿವರಗಳಲ್ಲಿ ಎಲ್ಲ ಫಾಂಟುಗಳೂ ಅಡಕವಾಗಿವೆಯೇ ಎಂದು ನೋಡುವುದು. ಒಂದು ಪರಿಚ್ಛೇದವನ್ನು ಎತ್ತಿ ಬೇರೆಡೆ ಇರಿಸಿ ಓದುವುದು. ಒತ್ತೂ ಗುಣಿತವೂ ಕೂಡಿದ ಹೆಸರೊಂದನ್ನು ಹುಡುಕಿ ನೋಡುವುದು. ಮೂರಕ್ಕೂ ಸೇರಿ ಕೆಲವು ನಿಮಿಷಗಳು ಸಾಕು. ಪರೀಕ್ಷೆಯಲ್ಲಿ ದೋಷ ಕಂಡರೆ ಬೇರೆ ತಂತ್ರಾಂಶದಿಂದ ಕಡತವನ್ನು ಮತ್ತೆ ಸಿದ್ಧಪಡಿಸಬೇಕು. ಅದು ಸಾಧ್ಯವಾಗಲಿ ಬಿಡಲಿ, ಯೂನಿಕೋಡಿನಲ್ಲಿರುವ ಮೂಲ ಬೆರಳಚ್ಚು ಪ್ರತಿಯನ್ನು ಪಿಡಿಎಫಿನ ಜೊತೆಯಲ್ಲಿಯೇ ಕಾಪಾಡುವುದು ಅವಶ್ಯ. ಹಳೆಯ ಫಾಂಟುಗಳ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ದೊರೆಯುತ್ತವೆ. ಆದರೆ ಬೇರೆ ಬೇರೆ ಫಾಂಟುಗಳಲ್ಲಿ ಸಂಕೇತಗಳ ಹಂಚಿಕೆ ಭಿನ್ನವಾಗಿರುವುದುಂಟು. ಆದುದರಿಂದ ಪರಿವರ್ತಿತ ಪಾಠವನ್ನು ಮೂಲದ ಪುಟದೊಡನೆ ಹೋಲಿಸಿ ತಿದ್ದುವುದು ತಪ್ಪದು. ಗ್ರಂಥಸಂಪಾದನೆಯ ಶಿಕ್ಷಣ ಪಡೆದ ಕನ್ನಡ ವಿದ್ಯಾರ್ಥಿಗಳು ಈ ಕೆಲಸಕ್ಕೆ ಅರ್ಹರು. ಓಲೆಯ ಲಿಪಿಕಾರನ ಸ್ಖಾಲಿತ್ಯಗಳನ್ನು ಗುರುತಿಸಲು ಅವರು ಕಲಿತಿದ್ದಾರೆ. ಯಂತ್ರದ ಸ್ಖಾಲಿತ್ಯಗಳು ಅವಕ್ಕಿಂತ ಹೆಚ್ಚು ನಿಯಮಬದ್ಧವಾಗಿರುವುದರಿಂದ ತಿದ್ದಲು ಸುಲಭವೂ ಆಗಿವೆ. ಈ ಕಾರ್ಯವನ್ನು ಆಯಾ ಕಾಲೇಜುಗಳು ತಮ್ಮ ತಾಲ್ಲೂಕಿನ ಕಡತಗಳಿಂದಲೇ ಆರಂಭಿಸುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.