ರಜೆಯೊಳಗ ಬಿದ್ದ ಜಯಂತಿಗಳು

ನಮ್ಮ ಸರಕಾರಿ ಶಾಲೆಗಳು ಏಪ್ರಿಲ್ 10ಕ್ಕೆ ಬಾಗಿಲು ಹಾಕುತ್ತವೆ. 11ರಿಂದ ಮೇ 28ರವರೆಗೆ ಬೇಸಿಗೆ ರಜೆ. ಕಳೆದ ಕೆಲವು ವರ್ಷಗಳಿಂದ ಇಲಾಖೆಯ ವೇಳಾಪಟ್ಟಿ ಹೀಗೇ ನಡೆದು ಬಂದಿದೆ. ಈ ರಜೆಯೊಳಗೆ ಯಾರ್ಯಾರು ಬೀಳುತ್ತಾರೆ ನೋಡಿ. ಜ್ಯೋತಿಬಾ ಫುಲೆ ಹುಟ್ಟಿದ್ದು ಏಪ್ರಿಲ್ 11. ಬಾಬಾಸಾಹೇಬ ಅಂಬೇಡ್ಕರ್ ಹುಟ್ಟಿದ್ದು ಏಪ್ರಿಲ್ 14. ವಿಶ್ವ ಪರಂಪರೆ ದಿನ ಏಪ್ರಿಲ್ 18. ಬಸವ ಜಯಂತಿ ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ. ಕಾರ್ಮಿಕರ ದಿನ ಮೇ 1. ಬುದ್ಧ ಪೂರ್ಣಿಮೆಯೂ ಮೇ ತಿಂಗಳಲ್ಲೇ.

ಯಾರೋ ಕುಂತು ಸಂಚು ಮಾಡ್ಯಾರಂತ ನಾ ಹೇಳೂದಿಲ್ಲ. ಬಾಗಲಕೋಟೆ ಬಿಸಿಲಿನಾಗ ಮಕ್ಕಳನ್ನ ಶಾಲೆಯೊಳಗ ಕೂಡ್ರಿಸೂದು ಆಗದ ಮಾತು. ಆದರೆ ಪರಿಣಾಮ ಏನು? ಜಯಂತಿಯ ದಿನ ಶಾಲೆಗೆ ಹೆಡ್‌ಮಾಸ್ತರು ಬರುತ್ತಾರೆ, ಹತ್ತಿರದಲ್ಲಿರುವ ಒಬ್ಬಿಬ್ಬರು ಶಿಕ್ಷಕರು ಬರುತ್ತಾರೆ. ಕಪಾಟಿನಿಂದ ಫೋಟೋ ಹೊರಗೆ ಬರುತ್ತದೆ. ಧೂಳು ಒರೆಸಿ, ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದು, ಊದುಬತ್ತಿ ಬೆಳಗುತ್ತಾರೆ. ಅದನ್ನೊಂದು ಮೊಬೈಲಿನಲ್ಲಿ ಹಿಡಿದು ಮೇಲಿನವರ ಗುಂಪಿಗೆ ಕಳಿಸಿದರೆ ಜಯಂತಿ ಮುಗೀತು. ಫೋಟೋದ ಫೋಟೋ! ಮಕ್ಕಳು ಎಲ್ಲಿ? ಕುರಿ ಹಿಂದೆ, ಇಟ್ಟಂಗಿ ಭಟ್ಟಿಯಲ್ಲಿ, ಅವ್ವನ ಜೊತೆ ಗುಳೇ ಹೋದ ಊರಿನಲ್ಲಿ. ಯಾರ ಸಲುವಾಗಿ ಆ ಮನುಷ್ಯ ಓದಿದನೋ, ಬರೆದನೋ, ಅವರ ಮಕ್ಕಳೇ ಆ ದಿನ ಅಲ್ಲಿಲ್ಲ.

ರಜೆ ಒಂದು ಸಣ್ಣ ಸಂಗತಿ. ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಆಚರಣೆಯ ರೂಪವನ್ನು. ಕವಿತೆಯ ರೂಪ ಅದರ ಅರ್ಥವನ್ನು ತಿದ್ದುತ್ತದೆ ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದರು. ಜಯಂತಿಯ ರೂಪವೂ ಹಾಗೆಯೇ. ಪೂಜೆಯ ರೂಪದೊಳಗೆ ಏನೇ ಹಾಕಿದರೂ ಅದು ದೇವರಾಗಿ ಹೊರಬರುತ್ತದೆ. ದೇವರಿಗೆ ಪ್ರಶ್ನೆ ಕೇಳುವ ಹಾಗಿಲ್ಲ. ದೇವರೂ ನಮಗೆ ಪ್ರಶ್ನೆ ಕೇಳುವುದಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ: ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ 22 ಪ್ರತಿಜ್ಞೆಗಳನ್ನು ಹೇಳಿಕೊಟ್ಟು ಹಳೆಯ ದೇವರುಗಳ ಪೂಜೆ ಬಿಡಿಸಿದವನ ಮುಂದೆ ನಾವು ಕಾಯಿ ಒಡೆಯುತ್ತೇವೆ. ಇದಕ್ಕಿಂತ ಚೆಂದಾಗಿ ಅವನ ಬಾಯಿ ಮುಚ್ಚಿಸುವುದು ಹೇಗೆ?

ಬಸವಣ್ಣನ ಗತಿಯೂ ಇದೇ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕ ಆಚರಣೆಯಾಗಿ ಆರಂಭಿಸಿದರು. ಮುಂದೆ ಇದೇ ಕೃಷ್ಣೆಯ ದಂಡೆಯ ಆಲಮಟ್ಟಿಯಲ್ಲಿ ಆಶ್ರಮ ಕಟ್ಟಿದವರು ಅವರು. ಖಾದಿ, ಸ್ವಾತಂತ್ರ್ಯ, ಸಮಾಜಸುಧಾರಣೆ ಎಲ್ಲ ಅವರ ಜಯಂತಿಯ ಒಳಗಿತ್ತು. ಈಗ ನಮ್ಮ ಊರುಗಳಲ್ಲಿ ಆ ದಿನ ಎತ್ತಿನ ಮೆರವಣಿಗೆ. ಎತ್ತಿಗೆ ಝೂಲ, ಕೋಡಿಗೆ ಬಣ್ಣ. ಎತ್ತು ದುಡಿಯುವ ಜೀವ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಲ್ಯಾಣದ ಬಸವಣ್ಣ ಎತ್ತಿನ ಹಿಂದೆ ಮರೆಯಾದನಲ್ಲ! ಕರ್ನಾಟಕ ಸರಕಾರ 2024ರ ಜನವರಿಯಲ್ಲಿ ಅವನನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಘೋಷಣೆ ಒಳ್ಳೆಯದೇ. ಶಾಲೆಯಲ್ಲಿ ವಚನ ಕಂಠಪಾಠ ಸ್ಪರ್ಧೆಯೂ ನಡೆಯುತ್ತದೆ. ಮಕ್ಕಳು ಉಸಿರು ಬಿಗಿಹಿಡಿದು ವಚನ ಒಪ್ಪಿಸುತ್ತಾರೆ, ಸ್ಟೀಲಿನ ಡಬ್ಬಿ ಬಹುಮಾನ ತಗೋತಾರೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾದದ್ದಕ್ಕೆ ಅಪ್ಪಂದಿರಿಬ್ಬರನ್ನೂ ಎಳೆಹೂಟೆಗೆ ಕಟ್ಟಿ ಕೊಂದರೆಂಬ ಕಥೆಯನ್ನು ಎಷ್ಟು ಮಾಸ್ತರು ಹೇಳುತ್ತಾರೆ? ಹೇಳಿದರೆ ಹುಡುಗರು ಕೇಳ್ತಾರ: ಸರ್, ಈಗ ಅಂಥಾ ಲಗ್ನ ನಮ್ಮೂರಾಗ ಆದರ? ಆ ಪ್ರಶ್ನೆಗೆ ಅಂಜಿಯೇ ನಾವು ಕಂಠಪಾಠ ಮಾಡಿಸುತ್ತೇವೆ.

ಹರಳಯ್ಯನಿಗೂ ಒಂದು ಜಯಂತಿ ಇದೆ, ಇಲ್ಲವೆಂದಲ್ಲ. ಫೆಬ್ರುವರಿಯಲ್ಲಿ ಸರಕಾರ 'ಕಾಯಕ ಶರಣರ ಜಯಂತಿ' ಮಾಡುತ್ತದೆ. ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಉರಿಲಿಂಗಪೆದ್ದಿ: ಐದು ಜನಕ್ಕೂ ಸೇರಿ ಒಂದೇ ದಿನ. ಒಂದೇ ಬ್ಯಾನರು, ಒಂದೇ ಹಾರ, ಒಂದೇ ತಾಸು. ಕೇರಿಯವರಿಗೆ ಸಾಲು ಮನೆ ಕಟ್ಟಿಸಿಕೊಟ್ಟ ಹಾಗೆ ಕೇರಿಯ ಶರಣರಿಗೂ ಸಾಲು ಜಯಂತಿ. ಆ ಐವರೂ ಒಬ್ಬರಂತೊಬ್ಬರಿಲ್ಲ. ಅವರ ದನಿ ಬೇರೆ, ಸಿಟ್ಟು ಬೇರೆ, ಅನುಭಾವ ಬೇರೆ. ನಮ್ಮ ವಿಮರ್ಶಕರಾದರೂ ಅವರನ್ನು ಬಿಡಿಬಿಡಿಯಾಗಿ ಓದಿದ್ದಾರೆಯೇ?

ಇನ್ನು ಪರಂಪರೆಯ ಮಾತು. ನಮ್ಮ ಜಿಲ್ಲೆಯ ಶಾಲೆಗಳಿಗೆ ಪರಂಪರೆಯೆಂದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಪಟ್ಟದಕಲ್ಲು 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ತೋರಿಸುತ್ತಾರೆ. ವಿರೂಪಾಕ್ಷ ಗುಡಿಯ ಮುಂದೆ ನಿಂತ ಮಾಸ್ತರು ಹೇಳುವುದು ಎರಡೇ ಹೆಸರು: ಪಲ್ಲವರನ್ನು ಗೆದ್ದ ಎರಡನೆಯ ವಿಕ್ರಮಾದಿತ್ಯ, ಗೆಲುವಿನ ನೆನಪಿಗೆ ಗುಡಿ ಕಟ್ಟಿಸಿದ ರಾಣಿ ಲೋಕಮಹಾದೇವಿ. ಆದರೆ ಅದೇ ಗುಡಿಯ ಶಾಸನದಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರಿದೆ, ಸರ್ವಸಿದ್ಧಿ ಆಚಾರಿಯ ಹೆಸರಿದೆ. ಕಟ್ಟಿಸಿದವರ ಜೊತೆಗೆ ಕಟ್ಟಿದವರ ಹೆಸರೂ ಕಲ್ಲಿನಲ್ಲಿದೆ. ಸಾವಿರದಿನ್ನೂರು ವರ್ಷದ ಹಿಂದೆ ರಾಜರು ಕೊಟ್ಟಷ್ಟು ಜಾಗವನ್ನೂ ನಮ್ಮ ಪ್ರಬಂಧ ಸ್ಪರ್ಧೆಗಳು ಕೊಡುವುದಿಲ್ಲ. ಇನ್ನು ಕಲ್ಲು ಒಡೆದವರು, ಹೊತ್ತವರು, ಅವರ ಹೆಸರು ಶಾಸನದಲ್ಲೂ ಇಲ್ಲ. ಐಹೊಳೆಯಲ್ಲಿ ಒಂದು ಗುಡಿಗೆ ಲಾಡಖಾನ್ ಗುಡಿ ಎಂದೇ ಹೆಸರು. ಒಂದು ಕಾಲಕ್ಕೆ ಅದರೊಳಗೆ ಮನೆ ಮಾಡಿಕೊಂಡಿದ್ದ ಮುಸಲ್ಮಾನನ ಹೆಸರು ಅದು. ಗುಡಿಯಲ್ಲಿ ಒಲೆ ಉರಿದಿತ್ತು, ಮನುಷ್ಯರು ಬದುಕಿದ್ದರು. ಇದನ್ನು ಹೇಳಿಕೊಟ್ಟರೆ ಅದೇ ದೊಡ್ಡ ಪಾಠ.

ಬಸ್ಸು ನವನಗರಕ್ಕೆ ತಿರುಗಿ ಬರುತ್ತದೆ. ಹುಡುಗ ಇಳಿಯುವುದು ಯಾವುದೋ ನಂಬರಿನ ಸೆಕ್ಟರಿನಲ್ಲಿ. ಈ ಊರಿನ ಪರಂಪರೆ ಏನು? 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು, 2006ರಲ್ಲಿ ಅದು ಲೋಕಾರ್ಪಣೆಯಾಯಿತು. ನಡುವೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಘಟಪ್ರಭೆಯ ಹಿನ್ನೀರಿನ ಪಾಲಾದವು. ಅವರಿಗಾಗಿ ಎದ್ದ ಊರೇ ನವನಗರ. ಅಗಸಿ, ಓಣಿ, ಕೇರಿ ಹೋಗಿ ಸೆಕ್ಟರು, ಪ್ಲಾಟು ಬಂದವು. ಊರು ಮುಳುಗಿತು ಸರಿ, ಜಾತಿ ಮುಳುಗಿತೇ? ಪಟ್ಟದಕಲ್ಲಿನ ಮೇಲೆ ಹತ್ತು ಅಂಕದ ಪ್ರಬಂಧ ಬರೆಯುವ ಹುಡುಗಿಗೆ ತನ್ನ ಅಜ್ಜಿ ನೀರು ಸೇದುತ್ತಿದ್ದ ಬಾವಿ ಎಲ್ಲಿತ್ತು, ಯಾವ ಬಾವಿಗೆ ಅವಳನ್ನು ಬಿಡುತ್ತಿರಲಿಲ್ಲ ಎಂಬುದು ಗೊತ್ತಿಲ್ಲ. ಅದನ್ನು ಕಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಬಾಯಿಂದ ಬರೆದುಕೊಳ್ಳದಿದ್ದರೆ ಆ ಪರಂಪರೆ ಎರಡನೆಯ ಸಲ ಮುಳುಗುತ್ತದೆ.

ರಜೆಗೆ ಮುಂಚೆ, ಗ್ಯಾದರಿಂಗ್ ದಿನ, ಶಾಲೆ ಕಾಲೇಜುಗಳಲ್ಲಿ ಇನ್ನೊಂದು ಆಟ ನಡೆಯುತ್ತದೆ. ಅದರ ಹೆಸರು ಸಾಂಪ್ರದಾಯಿಕ ಉಡುಗೆಯ ದಿನ. ಹುಡುಗಿಯರು ಇಳಕಲ್ ಸೀರೆ ಉಟ್ಟು ಗುಳೇದಗುಡ್ಡದ ಖಣ ತೊಟ್ಟು ಬರುತ್ತಾರೆ. ಚೆಂದ. ಆದರೆ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ ಯಾರದು, ಒಂದು ಸೀರೆಗೆ ಎಷ್ಟು ದಿನ ಹಿಡಿಯುತ್ತದೆ, ಕೈಗೆ ಕೂಲಿ ಎಷ್ಟು ಹತ್ತುತ್ತದೆ, ಪವರ್ ಲೂಮ್ ಬಂದ ಮೇಲೆ ಆ ಮಗ್ಗದ ಕುಣಿಯಲ್ಲಿ ಯಾರು ಉಳಿದರು? ಉಟ್ಟವರು ಕೇಳುವುದಿಲ್ಲ, ಉಡಿಸಿದವರು ಹೇಳುವುದಿಲ್ಲ.

ಸೀರೆಯ ಜೊತೆಗೆ ಹಲಗಿ. ಬಾಗಲಕೋಟೆಯ ಹೋಳಿ ಅಂದರೆ ನಾಡಿಗೇ ಗೊತ್ತು. ಬಣ್ಣದ ಬಂಡಿ ಬರುವ ಮುಂಚೆ ದಿನಗಟ್ಟಲೆ ಹಲಗಿಯ ಸಪ್ಪಳ. ನಮ್ಮ ಕಡೆ ಹಲವು ಊರುಗಳಲ್ಲಿ ಕಾಮನನ್ನು ಸುಡುವ ಬೆಂಕಿಯನ್ನು ಹೊಲಗೇರಿಯಿಂದ ತರುವ ಪದ್ಧತಿ ಇದೆ. ನಮ್ಮ ಒಲಿ ಬೆಂಕಿ ಬೇಕು, ನಮ್ಮ ಕೈ ನೀರು ಬ್ಯಾಡ. ಇದನ್ನ ಸೌಹಾರ್ದ ಅಂತ ಪುಸ್ತಕದಾಗ ಬರೀತಾರ.

ನನ್ನಪ್ಪ ಹಲಗಿ ಬಾರಿಸಿದವ. ಹೆಣದ ಮುಂದೆ, ಪಲ್ಲಕ್ಕಿಯ ಮುಂದೆ, ಡಂಗುರಕ್ಕೆ. ಬಾರಿಸೂದಿಲ್ಲ ಅನ್ನುವ ಹಕ್ಕು ಅವನಿಗಿರಲಿಲ್ಲ. ನಾನು ಓದಿದ ಒಂದು ಶಾಲೆಯ ಗ್ಯಾದರಿಂಗಿನಲ್ಲಿ ಪುಲಕೇಶಿಯ ನಾಟಕ ಮಾಡಿಸಿದರು. ಕಿರೀಟ ಗೌಡರ ಹುಡುಗನಿಗೆ ಹೋಯಿತು. 'ನೀ ಹಲಗಿ ಬಾರಸು, ಅದು ನಿಮ್ಮ ರಕ್ತದಾಗ ಐತಿ' ಎಂದು ನನ್ನ ಕೈಗೆ ಹಲಗಿ ಕೊಟ್ಟರು. ಆ ಮಾಸ್ತರು ಕೆಟ್ಟವರಲ್ಲ, ಹೊಗಳಿಯೇ ಹೇಳಿದರು. ಹೊಗಳಿಕೆಯೊಳಗೇ ಊರಿನ ಕಟ್ಟಳೆ ಇತ್ತು. ಪರಂಪರೆ ಅನ್ನುವ ಶಬ್ದ ನಮ್ಮಂಥವರ ಮೇಲೆ ಕೆಲಸ ಮಾಡುವುದು ಹೀಗೆ. ಅವರಿಗೆ ಪರಂಪರೆಯೆಂದರೆ ಆಸ್ತಿ, ನಮಗೆ ಬಿಟ್ಟಿ.

ಹಾಗಾದರೆ ಹಲಗಿಯನ್ನು ಸುಟ್ಟುಬಿಡಬೇಕೇ? ನಮ್ಮ ಸಂಗಾತಿಗಳಲ್ಲಿ ಈ ವಾದ ಮೊದಲಿನಿಂದಲೂ ಇದೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಹೀನವೆಂದು ಹೊರಿಸಿದ ಕೆಲಸ ಬಿಡಿ ಎಂದು ಕರೆಕೊಟ್ಟರು. ಅದನ್ನು ಕೇಳಿ ಹಲಗಿ ಕೆಳಗಿಟ್ಟ ಊರುಗಳ ಮೇಲೆ ಗೌರವ ಇರಬೇಕು. ಆದರೆ ನನಗೆ ತಾಳ ಬಂದಿದ್ದು, ಕವಿತೆ ಬಂದಿದ್ದು ಆ ತೊಗಲಿನಿಂದಲೇ. ಬಿಡಬೇಕಾದದ್ದು ಕಟ್ಟಳೆ, ಹಲಗಿಯಲ್ಲ. ಶಾಲೆಯಲ್ಲಿ ಹಲಗಿ ಇರಲಿ. ಆದರೆ ಗೌಡರ ಹುಡುಗನೂ ಕಲಿಯಲಿ, ಶಾನುಭೋಗರ ಹುಡುಗಿಯೂ ಕಲಿಯಲಿ. ಬಾರಿಸುವ ಮುಂಚೆ ಅದನ್ನು ಬೆಂಕಿಗೆ ಯಾಕೆ ಕಾಸುತ್ತಾರೆ, ತೊಗಲು ಎಲ್ಲಿಂದ ಬಂತು, ಸುಲಿದವರು ಯಾರು, ಅವರನ್ನು ಊರ ಹೊರಗೆ ಯಾಕಿಟ್ಟರು, ಇಷ್ಟನ್ನೂ ಕಲಿಯಲಿ. ಎಲ್ಲರ ಕೈಗೂ ಬಂದ ದಿನ ಹಲಗಿ ಕಲೆಯಾಗುತ್ತದೆ.

ಮಾಸ್ತರರೇ, ಅಕ್ಕೋರೇ, ಏಪ್ರಿಲ್ ರಜೆಗೆ ಹೋಯಿತು, ಹೋಗಲಿ. ಮಾರ್ಚಿನಲ್ಲಿ ಶಾಲೆ ತೆರೆದಿರುತ್ತದೆಯಲ್ಲ? ಮಾರ್ಚ್ 22ರಂದು ವಿಶ್ವ ಜಲ ದಿನ. ವಿಶ್ವಸಂಸ್ಥೆ 1993ರಿಂದ ನಡೆಸಿಕೊಂಡು ಬಂದದ್ದು. ಮಕ್ಕಳು ನಳದ ಚಿತ್ರ ಬರೆದು, ಕೆಳಗೊಂದು ಹನಿ ಬರೆದು, ನೀರು ಉಳಿಸಿ ಎಂದು ಬಣ್ಣ ತುಂಬುತ್ತಾರೆ. ಅದಕ್ಕೆ ಎರಡು ದಿನ ಮುಂಚೆ, ಮಾರ್ಚ್ 20. 1927ರ ಆ ದಿನ ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿ ಕುಡಿದರು. ಆಮೇಲೆ ಸವರ್ಣರು 108 ಕೊಡಗಳಲ್ಲಿ ಸೆಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆ 'ಶುದ್ಧ' ಮಾಡಿದರು. ಕೆರೆಯ ಹಕ್ಕು ಮುಂಬಯಿ ಹೈಕೋರ್ಟಿನಲ್ಲಿ ತೀರ್ಮಾನವಾಗುವುದಕ್ಕೆ 1937 ಬರಬೇಕಾಯಿತು.

ಮಹಾಡ ಮರಾಠಿಯವರ ಕಥೆ, ನಮಗೇನು ಎನ್ನಬೇಡಿ. ಅದರ ಬೇರು ಇರುವುದು ಎಸ್. ಕೆ. ಬೋಲೆಯವರು 1923ರ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಪಾಸು ಮಾಡಿಸಿದ ಠರಾವಿನಲ್ಲಿ. ಸಾರ್ವಜನಿಕ ಹಣದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬ ಠರಾವು ಅದು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲ ವಿಜಾಪುರ ಜಿಲ್ಲೆ. ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದ್ದು. ಅಂದರೆ ಆ ಠರಾವು ನಮ್ಮ ಅಜ್ಜಂದಿರ ಬಾವಿಯ ಮೇಲೂ ಬರೆದದ್ದು. ಯಾವ ಬಾವಿ ತೆರೆಯಿತು, ಯಾವುದು ತೆರೆಯಲಿಲ್ಲ? ಇದು ಏಳನೆಯ ಇಯತ್ತೆಯ ಹುಡುಗರು ಊರಲ್ಲಿ ತಿರುಗಿ ಕೇಳಿ ಬರೆಯಬಹುದಾದ ಇತಿಹಾಸ.

ಹಳೇ ಕಥಿ ಈಗ್ಯಾಕ ಅನ್ನುವವರಿಗೆ ಒಂದು ಮಾತು. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲೂಕಿನ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ನೀರು ಕುಡಿದಳೆಂದು ಟ್ಯಾಂಕಿನ ನೀರನ್ನೆಲ್ಲ ಹರಿಬಿಟ್ಟು ಗೋಮೂತ್ರ ಹಾಕಿ ತೊಳೆದರು. ಮಹಾಡದಿಂದ 95 ವರ್ಷ. ಅದು ದೂರದ ಊರು ಎಂದರೆ, ಇಳಕಲ್ಲಿಗೆ ಹತ್ತಿರದ ಕುಷ್ಟಗಿ ತಾಲೂಕಿನ ಮಿಯಾಪುರ ಇದೆ. 2021ರ ಸೆಪ್ಟೆಂಬರಿನಲ್ಲಿ ಅಲ್ಲಿ ಒಂದು ದಲಿತ ಕೂಸು ಗುಡಿಯೊಳಗೆ ಓಡಿಹೋಯಿತೆಂದು ಶುದ್ಧಿಗಾಗಿ 25,000 ರೂಪಾಯಿ ದಂಡ ಕೇಳಿದರು. ಶುದ್ಧ ಮಾಡಿದವರೂ ದಂಡ ಕೇಳಿದವರೂ ಎಲ್ಲಿ ಕಲಿತರು? ನಮ್ಮ ಶಾಲೆಗಳಲ್ಲೇ ಅಲ್ಲವೇ? ಅವರೂ ಅಂಬೇಡ್ಕರ್ ಫೋಟೋಕ್ಕೆ ಕೈಮುಗಿದಿರಬಹುದು, ಪೇಡೆ ತಿಂದಿರಬಹುದು. ನಮ್ಮ ಆಚರಣೆಗಳ ಫಲಿತಾಂಶ ಪತ್ರಿಕೆ ಇದು.

ಊರಾಗ ಗದ್ದಲ ಆಗ್ತದ ಎಂದು ಮಾಸ್ತರು ಅಂಜುವುದು ನನಗೆ ತಿಳಿಯುತ್ತದೆ. ವರ್ಗಾವಣೆಯ ಭಯ ಸಣ್ಣದಲ್ಲ. ಆದ್ದರಿಂದ ಭಾಷಣ ಮಾಡಿರೆಂದು ನಾನು ಕೇಳುವುದಿಲ್ಲ. ಮೂರು ಸಣ್ಣ ಕೆಲಸ ಹೇಳುತ್ತೇನೆ. ಮಾರ್ಚ್ 10 ಸಾವಿತ್ರಿಬಾಯಿ ಫುಲೆ ತೀರಿದ ದಿನ. 1897ರಲ್ಲಿ ಪ್ಲೇಗಿನ ರೋಗಿಗಳ ಆರೈಕೆ ಮಾಡುತ್ತಲೇ ಅದೇ ರೋಗ ತಗುಲಿ ಹೋದಳು. ಆ ದಿನ ಬಿಸಿಯೂಟಕ್ಕೆ ಮಾಸ್ತರರೂ ಮಕ್ಕಳ ಪಂಕ್ತಿಯಲ್ಲೇ ಕೂಡಲಿ, ಅಡುಗೆಯ ಅಕ್ಕನನ್ನೂ ಜೊತೆಗೆ ಕೂಡಿಸಿಕೊಳ್ಳಲಿ. ಮಾರ್ಚ್ 20ರಂದು ಎಲ್ಲರೂ ಒಂದೇ ಕೊಡದ ನೀರು ಕುಡಿಯಲಿ. ಆ ಕೊಡ ಕೇರಿಯ ನಳದಿಂದ ಬರಲಿ. ಏಪ್ರಿಲ್ 10ರಂದು, ಫಲಿತಾಂಶ ಕೇಳಲು ಅಪ್ಪ ಅವ್ವಂದಿರು ಬಂದಿರುವಾಗ, ಹುಡುಗರು ತಾವು ಬರೆದುಕೊಂಡ ಬಾವಿಗಳ ಇತಿಹಾಸವನ್ನು ಎದ್ದು ನಿಂತು ಓದಲಿ. ಮರುದಿನ ಫುಲೆಯ ಹುಟ್ಟುಹಬ್ಬ. ಆಮೇಲೆ ಬೇಕಾದರೆ ರಜೆಗೆ ಹೋಗೋಣ.

ಕಾಯಿ ಬೇಡ, ಕುಂಕುಮ ಬೇಡ, ಮೊಬೈಲೂ ಬೇಡ. ಕೊಡದ ನೀರು ಯಾರು ಕುಡಿದರು, ಯಾರು ಕುಡಿಯಲಿಲ್ಲ, ಅದನ್ನಷ್ಟು ಬರೆದು ಈ ಪತ್ರಿಕೆಗೆ ಕಳಿಸಿ.